ಮನುಷ್ಯನೋ ಕಂಪ್ಯೂಟರೋ: ರುಜುವಾತಿನ ಹೊಣೆ ಯಾರದು?

ಚೆಸ್‌ನಲ್ಲಿ ಕಂಪ್ಯೂಟರ್ ಮೇಲೋ ಮನುಷ್ಯ ಮೇಲೋ ಎಂದು ವಾದಿಸುವವರು ಮೊದಲು ತಮ್ಮ ಹೇಳಿಕೆಯನ್ನು ಖಚಿತಪಡಿಸಿಕೊಳ್ಳಬೇಕು. ಏನನ್ನು ಸಾಬೀತು ಮಾಡಬೇಕೆಂದೇ ತಿಳಿಯದಿದ್ದರೆ ಹೊಣೆಯನ್ನು ಯಾರ ಮೇಲೂ ಹೊರಿಸಲಾಗದು.

ಸ್ಕಾಟ್ಲೆಂಡ್‌ನ ಚೆಸ್ ಆಟಗಾರ ಡೇವಿಡ್ ಲೆವಿಯವರ ಬಾಜಿ ಇದಕ್ಕೆ ಒಳ್ಳೆಯ ಮಾದರಿ. ಹತ್ತು ವರ್ಷಗಳೊಳಗೆ ಯಾವ ಕಂಪ್ಯೂಟರೂ ತಮ್ಮನ್ನು ಸರಣಿಯಲ್ಲಿ ಸೋಲಿಸದು ಎಂದು ಅವರು 1968ರಲ್ಲಿ ಹಣ ಕಟ್ಟಿದರು. ಗಡುವು ಯಾವುದು, ಸೋಲೆಂದರೆ ಏನು, ಎರಡೂ ಸ್ಪಷ್ಟವಾಗಿದ್ದವು. 1978ರಲ್ಲಿ ಟೊರಾಂಟೊದಲ್ಲಿ ‘ಚೆಸ್ 4.7’ ಎಂಬ ಪ್ರೋಗ್ರಾಂ ಅವರಿಂದ ಒಂದು ಆಟವನ್ನು ಗೆದ್ದೇಬಿಟ್ಟಿತು. ಆದರೆ ಸರಣಿ 3.5–1.5ರಲ್ಲಿ ಲೆವಿಯವರದಾಯಿತು, ಬಾಜಿಯೂ ಅವರದೇ ಆಯಿತು. ಒಂದು ಆಟ ಗೆಲ್ಲುವುದು ಬೇರೆ, ಸರಣಿ ಗೆಲ್ಲುವುದು ಬೇರೆ. ವಾದಗಳು ಹೆಚ್ಚಾಗಿ ಎಡವುವುದು ಇಲ್ಲಿಯೇ.

1997ರ ನ್ಯೂಯಾರ್ಕ್ ಸರಣಿ ಇನ್ನಷ್ಟು ಜಟಿಲ. ಐಬಿಎಂ ಕಂಪನಿಯ ಕಂಪ್ಯೂಟರ್ ಡೀಪ್ ಬ್ಲೂ 3.5–2.5ರಿಂದ ಆಗಿನ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಸೋಲಿಸಿತು. ಎರಡನೇ ಆಟದಲ್ಲಿ ಅದು ಕೈಗೆ ಸಿಗುವಂತಿದ್ದ ಪದಾತಿಗಳನ್ನು ಬಿಟ್ಟು, ಎದುರಾಳಿಯ ದಾರಿಗಳನ್ನೆಲ್ಲ ಮುಚ್ಚುವ ನಡೆ ಆಡಿತು. ಯಂತ್ರ ಹೀಗೆ ಆಡದು, ಮನುಷ್ಯರ ಕೈವಾಡವಿರಬಹುದು ಎಂದು ಕ್ಯಾಸ್ಪರೋವ್ ಶಂಕಿಸಿದರು. ಗಮನಿಸಿ, ಯಂತ್ರ ಮೇಲು ಎಂಬುದು ಒಂದು ಹೇಳಿಕೆಯಾದರೆ ಇದು ಎರಡನೆಯ ಹೇಳಿಕೆ. ಇದರ ಹೊಣೆ ಕ್ಯಾಸ್ಪರೋವ್ ಅವರದು. ನಡೆ ಅಸಾಮಾನ್ಯವಾಗಿತ್ತು ಎಂಬುದು ಅನುಮಾನಕ್ಕೆ ಕಾರಣವಾದೀತು, ಪುರಾವೆಯಾಗದು. ಅದೇ ಆಟದಲ್ಲಿ ಅವರು ಸೋಲೊಪ್ಪಿಕೊಂಡ ಸ್ಥಿತಿಯಲ್ಲಿ ಸತತ ಚೆಕ್ ಕೊಟ್ಟು ಡ್ರಾ ಮಾಡಿಕೊಳ್ಳುವ ದಾರಿಯಿತ್ತೆಂದು ನಂತರದ ವಿಶ್ಲೇಷಣೆ ತೋರಿಸಿತು.

ಆದರೆ ಯಂತ್ರದ ದಾಖಲೆಗಳಿದ್ದದ್ದು ಐಬಿಎಂ ಕೈಯಲ್ಲಿ. ಕಾನೂನು ಓದುವವರಿಗೆ ಇದು ಪರಿಚಿತ: ಹೇಳಿಕೆ ಯಾರದೋ ಹೊಣೆ ಅವರದು ಎನ್ನುತ್ತಿತ್ತು 2024ರವರೆಗೆ ಜಾರಿಯಲ್ಲಿದ್ದ 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 101ನೇ ಕಲಂ, ಒಬ್ಬನಿಗೆ ಮಾತ್ರ ವಿಶೇಷವಾಗಿ ತಿಳಿದಿರುವ ಸಂಗತಿಯನ್ನು ಅವನೇ ರುಜುವಾತು ಮಾಡಬೇಕೆನ್ನುತ್ತಿತ್ತು 106ನೇ ಕಲಂ. ಐಬಿಎಂ ದಾಖಲೆಗಳನ್ನು ಪ್ರಕಟಿಸಿದ್ದು ಸರಣಿ ಮುಗಿದ ಮೇಲೆ, ಮರುಪಂದ್ಯಕ್ಕೂ ಒಪ್ಪಲಿಲ್ಲ. ಅದು ತಪ್ಪೆಂದೇ ನನ್ನ ಅಭಿಪ್ರಾಯ.

ಹೊಣೆ ಒಂದೇ ಕಡೆ ನಿಲ್ಲುವುದೂ ಇಲ್ಲ. 2002ರಲ್ಲಿ ಬಹ್ರೇನ್‌ನಲ್ಲಿ ವಿಶ್ವ ಚಾಂಪಿಯನ್ ವ್ಲಾಡಿಮಿರ್ ಕ್ರಾಮ್ನಿಕ್ ಡೀಪ್ ಫ್ರಿಟ್ಜ್ ಎಂಬ ಪ್ರೋಗ್ರಾಂ ಜೊತೆ 4–4ರ ಸಮಬಲ ಸಾಧಿಸಿದರು. 2005ರಲ್ಲಿ ಹೈಡ್ರಾ ಯಂತ್ರ ಇಂಗ್ಲೆಂಡಿನ ಗ್ರ್ಯಾಂಡ್‌ಮಾಸ್ಟರ್ ಮೈಕೆಲ್ ಆಡಮ್ಸ್ ಅವರನ್ನು 5.5–0.5ರಿಂದ, 2006ರಲ್ಲಿ ಡೀಪ್ ಫ್ರಿಟ್ಜ್ ಕ್ರಾಮ್ನಿಕ್ ಅವರನ್ನು 4–2ರಿಂದ ಸೋಲಿಸಿದವು. ಅಲ್ಲಿಂದೀಚೆಗೆ ಪುರಾವೆ ಒದಗಿಸಬೇಕಾದವರು ಮನುಷ್ಯನೇ ಮೇಲು ಎನ್ನುವವರು.

ಹಾಗೆಂದು ಗೆದ್ದ ಪಕ್ಷದ ಎಲ್ಲ ಮಾತೂ ಸಾಬೀತಾದಂತಲ್ಲ. ಎಂಜಿನ್‌ಗಳ, ಅಂದರೆ ಚೆಸ್ ಆಡುವ ಪ್ರೋಗ್ರಾಂಗಳ, 3500ರ ಆಸುಪಾಸಿನ ರೇಟಿಂಗ್ ಎಂಜಿನ್‌ಗಳು ಪರಸ್ಪರ ಆಡಿ ಗಳಿಸಿದ್ದು. ಎಲೋ ಎಂಬ ಈ ರೇಟಿಂಗ್ ಅಂಕ ಅಳೆಯುವುದು ತನ್ನ ಗುಂಪಿನೊಳಗಿನ ಅಂತರವನ್ನು ಮಾತ್ರ. ಆ 3500ರಿಂದ ಗ್ರ್ಯಾಂಡ್‌ಮಾಸ್ಟರ್ ಒಬ್ಬನ 2800ರ ರೇಟಿಂಗನ್ನು ಕಳೆದು, ಅಂತರ ಸರಿಯಾಗಿ 700 ಎನ್ನುವವರು ಆ ಎರಡು ಗುಂಪುಗಳನ್ನು ಬೆಸೆಯುವ ಆಟಗಳನ್ನೂ ತೋರಿಸಬೇಕಾಗುತ್ತದೆ.