ಏಳನೇ ತಿಂಗಳ ಎದೆಯುರಿ: ಮೀನು ಸಾರು ಬಿಡಬೇಕೇ?

ಪ್ರಶ್ನೆ: ನನಗೀಗ ಏಳು ತಿಂಗಳು. ರಾತ್ರಿ ಮಲಗಿದ ಕೂಡಲೇ ಎದೆ ಉರಿಯುತ್ತದೆ, ಹುಳಿನೀರು ಗಂಟಲಿಗೆ ಬರುತ್ತದೆ. ಮೀನು ಸಾರು ಬಿಟ್ಟು, ಊಟದ ಮೇಲೆ ಸೋಲ್‌ಕಡಿ ಕುಡಿ ಅನ್ನುತ್ತಾರೆ ಅತ್ತೆ. ಇನೋ ಕುಡಿಯಬಹುದೇ? (ಕಾರವಾರದ ಓದುಗರು)

ಉತ್ತರ: ಮೀನು ಬಿಡಬೇಕಾಗಿಲ್ಲ. ರಾತ್ರಿಯ ಸೋಲ್‌ಕಡಿ ಬಿಡಿ. ಇನೋ ಬೇಡ.

ಅನ್ನನಾಳವು ಜಠರವನ್ನು ಸೇರುವಲ್ಲಿ ಉಂಗುರದಂಥ ಸ್ನಾಯು ಇದೆ. ತುತ್ತು ಇಳಿದ ಮೇಲೆ ಅದು ಬಿಗಿದುಕೊಳ್ಳುತ್ತದೆ. ಬಸುರಿನಲ್ಲಿ ಹೆಚ್ಚುವ ಪ್ರೊಜೆಸ್ಟರಾನ್ ಗರ್ಭಕೋಶವನ್ನು ಸಡಿಲವಾಗಿಡುವಾಗ ಈ ಉಂಗುರವನ್ನೂ ಸಡಿಲಿಸಿಬಿಡುತ್ತದೆ. ಜೊತೆಗೆ ಬೆಳೆದ ಗರ್ಭಕೋಶ ಜಠರವನ್ನು ಕೆಳಗಿನಿಂದ ಒತ್ತುತ್ತದೆ. ಅಂದರೆ ನಿಮ್ಮ ಹೊಟ್ಟೆಯಲ್ಲಿ ಹುಳಿ ಹೆಚ್ಚಾಗಿದೆ ಎಂದಲ್ಲ, ಮುಚ್ಚಳ ಸಡಿಲಾಗಿದೆ. ಹಾಗಾಗಿ ಏನು ತಿಂದಿರಿ ಎನ್ನುವುದಕ್ಕಿಂತ, ಮಲಗುವಾಗ ಹೊಟ್ಟೆ ಎಷ್ಟು ತುಂಬಿತ್ತು ಎನ್ನುವುದೇ ಮುಖ್ಯ.

ರಾತ್ರಿ ಹತ್ತಕ್ಕೆ ಮಲಗುವವರು ಏಳಕ್ಕೆ ಊಟ ಮುಗಿಸಬೇಕು. ಖಾರದ ಮೀನು ಸಾರು, ಎಣ್ಣೆಯಲ್ಲಿ ಕರಿದ ಬಂಗಡೆ ಮಧ್ಯಾಹ್ನಕ್ಕಿರಲಿ. ರಾತ್ರಿಗೆ ಗಂಜಿ, ಬೇಯಿಸಿದ ತರಕಾರಿ ಸಾಕು. ದಿನಕ್ಕೆ ಮೂರು ಹೊಟ್ಟೆತುಂಬ ಊಟದ ಬದಲು ಅದನ್ನೇ ಐದಾರು ಸಲ ಹಂಚಿಕೊಳ್ಳಿ. ನೀರನ್ನು ಊಟದ ಜೊತೆ ಲೋಟಗಟ್ಟಲೆ ಕುಡಿಯದೆ ನಡುನಡುವೆ ಕುಡಿಯಿರಿ. ಸೋಲ್‌ಕಡಿಯ ತೊಂದರೆ ಇಲ್ಲೇ ಇದೆ: ಅದಕ್ಕೆ ಹಾಕುವ ಕೋಕಂ (ಮುರುಗಲು) ಸ್ವತಃ ಹುಳಿ, ಅದೂ ತುಂಬಿದ ಹೊಟ್ಟೆಯ ಮೇಲೆ ಇನ್ನೊಂದು ಲೋಟ. ಘಟ್ಟದ ಮೇಲೆ ಶಿರಸಿ ಕಡೆ ಊಟದ ಕೊನೆಗೆ ಕುಡಿಯುವ ಅಪ್ಪೆಹುಳಿಗೂ ಇದೇ ಮಾತು. ಅತ್ತೆಯವರಿಗೆ ಬೇಸರವಾದೀತು ಅಂದರೆ ಮಧ್ಯಾಹ್ನ ಅರ್ಧ ಲೋಟ ಕುಡಿದು ನೋಡಿ. ಉರಿ ಬಾರದಿದ್ದರೆ ಸರಿ.

ತಲೆದಿಂಬು ಏರಿಸುವುದರಿಂದ ಕತ್ತು ಬಾಗಿ ಹೊಟ್ಟೆ ಮಡಚಿಕೊಳ್ಳುತ್ತದೆ, ಒತ್ತಡ ಹೆಚ್ಚುತ್ತದೆ. ಮಂಚದ ತಲೆ ಕಡೆಯ ಎರಡು ಕಾಲುಗಳಡಿ 6ರಿಂದ 8 ಅಂಗುಲ ಎತ್ತರದ ಮರದ ತುಂಡು ಅಥವಾ ಚಿರೇಕಲ್ಲು ಅಲುಗದಂತೆ ಇಡಿ. ನೆಲದ ಮೇಲೆ ಮಲಗುವವರು ಹಾಸಿಗೆಯಡಿ ಸೊಂಟದಿಂದ ತಲೆವರೆಗೆ ಇಳಿಜಾರಾಗುವಂತೆ ಕಂಬಳಿ ಮಡಚಿ ಹಾಕಬಹುದು. ಎಡಮಗ್ಗುಲಾಗಿ ಮಲಗಿ: ಆಗ ಜಠರದಲ್ಲಿರುವುದು ಅನ್ನನಾಳದ ಬಾಯಿಗಿಂತ ಕೆಳಗೆ ನಿಲ್ಲುತ್ತದೆ.

ಇನೋದಲ್ಲಿಯೂ ಅಡಿಗೆ ಸೋಡಾದಲ್ಲಿಯೂ ಇರುವುದು ಸೋಡಿಯಂ ಬೈಕಾರ್ಬೊನೇಟ್. ಸೋಡಿಯಂ ಮೈಯಲ್ಲಿ ನೀರು ನಿಲ್ಲಿಸುತ್ತದೆ. ಕಾಲು ಬಾತಿರುವ, ಬಿಪಿ ಏರುವ ಸಾಧ್ಯತೆಯಿರುವ ತಿಂಗಳುಗಳಿಗೆ ಅದು ಹೇಳಿದ ಮದ್ದಲ್ಲ. ಜ್ಯೇಷ್ಠಮಧುವನ್ನೂ ಬಸುರಿನಲ್ಲಿ ಬಿಡಿ. ಕ್ಯಾಲ್ಸಿಯಂ ಕಾರ್ಬೊನೇಟ್, ಇಲ್ಲವೇ ಮೆಗ್ನೀಸಿಯಂ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಇರುವ ಆಂಟಾಸಿಡ್ ಅನ್ನು ವೈದ್ಯರ ಬಳಿ ಕೇಳಿ, ಊಟವಾಗಿ ಒಂದು ಗಂಟೆಗೆ ಮತ್ತು ಮಲಗುವಾಗ ತೆಗೆದುಕೊಳ್ಳಬಹುದು. ಸಾಲದಿದ್ದರೆ ಒಮೆಪ್ರಜೋಲ್‌ನಂಥ ಗುಳಿಗೆಯನ್ನು ಅವರೇ ಬರೆದುಕೊಡುತ್ತಾರೆ.

ಹೆಚ್ಚಿನವರು ತಪ್ಪುವುದು ಕಬ್ಬಿಣದ ಗುಳಿಗೆಯ ವಿಷಯದಲ್ಲಿ. ಸರ್ಕಾರಿ ಆಸ್ಪತ್ರೆಯ ಕೆಂಪು ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಆಂಟಾಸಿಡ್ ಅಥವಾ ಕ್ಯಾಲ್ಸಿಯಂ ಗುಳಿಗೆ ಜೊತೆಗೆ ನುಂಗಿದರೆ ಆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಡುವೆ ಎರಡು ಗಂಟೆ ಬಿಡಿ. ಉರಿ ಎಂದು ಗುಳಿಗೆಯನ್ನೇ ನಿಲ್ಲಿಸಬೇಡಿ, ಹೊತ್ತು ಬದಲಿಸಿ ನೋಡಿ.

ಬಲಗಡೆ ಪಕ್ಕೆಲುಬಿನ ಕೆಳಗೆ ಅಥವಾ ಎದೆಗುಂಡಿಯಲ್ಲಿ ಬಿಡದ ನೋವು, ಜೊತೆಗೆ ತಲೆನೋವು, ಕಣ್ಣು ಮಂಜು, ಮುಖ ಕೈ ಬಾವು ಬಂದರೆ ಅದನ್ನು ಎದೆಯುರಿ ಎಂದುಕೊಳ್ಳಬೇಡಿ. ಅಂದೇ ಆಸ್ಪತ್ರೆಗೆ ಹೋಗಿ ಬಿಪಿ ನೋಡಿಸಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮನೆಗೆ ಮರಳುವ ಅವಸರ ಬೇಡ. ಕಬ್ಬಿಣದ ಗುಳಿಗೆಯಿಂದ ಮಲ ಕಪ್ಪಾಗುವುದು ಸಹಜ. ಆದರೆ ಡಾಂಬರಿನಂತೆ ಅಂಟಂಟಾಗಿ ನಾರುತ್ತಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ಎದೆನೋವಿನ ಜೊತೆ ಉಸಿರು ಕಟ್ಟಿದರೆ 108ಕ್ಕೆ ಕರೆ ಮಾಡಿ.