ಗೌನಿನ ಒಳಗನ್ನು ತೋರಿಸುವ ಪುಸ್ತಕಗಳು

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಟರ್ನ್ (ಬಟ್ಟೆ ಕತ್ತರಿಸಲು ಬೇಕಾದ ಕಾಗದದ ಅಚ್ಚು) ತೆಗೆಯುವವನಿಗೆ ಪ್ಯಾರಿಸ್ಸಿನ ಹಳೇ ಡಿಸೈನರ್‌ಗಳ ಪುಸ್ತಕ ಯಾಕೆ ಬೇಕು ಅಂತ ಕೇಳುವವರು ಜಾಸ್ತಿ. ಐದು ಜೇಬಿನ ಪ್ಯಾಂಟಿಗೂ ಬಾಲೆನ್ಸಿಯಾಗನ ಕೋಟಿಗೂ ಏನು ಸಂಬಂಧ, ಅಲ್ವಾ? ಸಂಬಂಧ ಗ್ರೇನಿನಲ್ಲಿದೆ, ಅಂದರೆ ಬಟ್ಟೆಯ ಎಳೆ ಹೋಗುವ ದಿಕ್ಕಿನಲ್ಲಿ. ನಾಲ್ಕು ಸಲ ಒಗೆದ ಮೇಲೆ ಜೀನ್ಸಿನ ಕಾಲು ತಿರುಚಿಕೊಂಡು, ಪಕ್ಕದ ಹೊಲಿಗೆ ಮೊಣಕಾಲಿನ ಮುಂದಕ್ಕೆ ಬರುವುದನ್ನು ನೀವೂ ನೋಡಿರುತ್ತೀರಿ. ಡೆನಿಮ್ ಓರೆ ಗೆರೆಯ ನೇಯ್ಗೆ, ಒಗೆದಾಗ ಅದು ಓರೆಯಾಗಿಯೇ ಎಳೆಯುತ್ತದೆ. ಬಟ್ಟೆ ಯಾವ ಕಡೆ ಎಳೆಯುತ್ತದೆ, ಯಾವ ಕಡೆ ಜೋಲುತ್ತದೆ ಎಂಬುದರ ಮೇಲೆ ಇಡೀ ಜೀವನ ಕೆಲಸ ಮಾಡಿದವರು ಈ ಹಳೇ ಕುಟೂರ್‌ನವರು, ಅಂದರೆ ಒಬ್ಬೊಬ್ಬ ಗಿರಾಕಿಯ ಅಳತೆಗೆ ದುಬಾರಿ ಉಡುಪು ಹೊಲಿದು ಕೊಡುತ್ತಿದ್ದ ಪ್ಯಾರಿಸ್ಸಿನವರು. ಅವರ ಪುಸ್ತಕ ನಮ್ಮ ಕಟಿಂಗ್ ಟೇಬಲ್ಲಿಗೂ ಬೇಕಾದದ್ದೇ.

ಆದರೆ ಪುಸ್ತಕ ನೋಡಿ ಕೊಳ್ಳಬೇಕು. ಮಾರುಕಟ್ಟೆಯಲ್ಲಿ ಇರುವುದರಲ್ಲಿ ಬಹಳಷ್ಟು ಬರೀ ಫೋಟೋ ಆಲ್ಬಂ. ದಪ್ಪ ರಟ್ಟು, ನುಣುಪು ಕಾಗದ, ಒಳಗೆ ಮಾಡೆಲ್ ಸೊಂಟದ ಮೇಲೆ ಕೈ ಇಟ್ಟು ನಿಂತಿರುತ್ತಾಳೆ. ಎರಡು ಸಲ ತಿರುವಿ ಹಾಕಿ ಬೀರುವಿನಲ್ಲಿಟ್ಟರೆ ಮುಗಿಯಿತು. ನಾನು ಪುಸ್ತಕ ಕೈಗೆ ತಗೊಂಡ ಕೂಡಲೇ ಹುಡುಕುವುದು ಬೆನ್ನಿನ ಫೋಟೋ. ಗೌನಿನ ಹಿಂಭಾಗ ತೋರಿಸಿದ್ದಾರಾ, ಲೈನಿಂಗ್ ತೋರಿಸಿದ್ದಾರಾ, ಎಲ್ಲಾದರೂ ಒಂದು ಕಡೆ ಪ್ಯಾಟರ್ನಿನ ತುಂಡುಗಳನ್ನು ಬಿಡಿಸಿ ಹಾಕಿದ್ದಾರಾ? ಈ ಮೂರೂ ಇಲ್ಲದಿದ್ದರೆ, ಎಷ್ಟೇ ದೊಡ್ಡ ಹೆಸರಿದ್ದರೂ ಕೆಳಗಿಡುತ್ತೇನೆ.

ಮೊದಲ ಉದಾಹರಣೆ ಮದ್ಲೆನ್ ವಿಯೊನೆ. ಈಕೆ 1876ರಲ್ಲಿ ಹುಟ್ಟಿದವರು. 1912ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ಅಂಗಡಿ ತೆರೆದರು, 1939ರಲ್ಲಿ ಮುಚ್ಚಿದರು. ಬಟ್ಟೆಯನ್ನು ಓರೆಯಾಗಿ ಕತ್ತರಿಸಿ ಇಡೀ ಗೌನನ್ನೇ ಹೊಲಿಯುವ ಕೆಲಸವನ್ನು ಇವರಷ್ಟು ದೂರ ಒಯ್ದವರು ಇಲ್ಲ. ನಮ್ಮ ಕಡೆ ಕ್ರಾಸ್ ಕಟ್ ಬ್ಲೌಸ್ ಹೊಲಿಯುವ ಅಕ್ಕಂದಿರಿಗೆ ಇದು ಕೂಡಲೇ ಅರ್ಥ ಆಗುತ್ತದೆ. ಎದೆಯ ಭಾಗವನ್ನು ಕ್ರಾಸಿನಲ್ಲಿ ಹಾಕಿದರೆ ಬ್ಲೌಸ್ ಮೈಗೆ ಯಾಕೆ ಹಿತವಾಗಿ ಕೂರುತ್ತದೆ ಅಂತ ಅವರಿಗೆ ಕೈಯಲ್ಲೇ ಗೊತ್ತು. ವಿಯೊನೆ ಕಾಗದದ ಮೇಲೆ ಚಿತ್ರ ಬರೆದು ಶುರು ಮಾಡುತ್ತಿರಲಿಲ್ಲ. ಸುಮಾರು 80 ಸೆಂಟಿಮೀಟರಿನ ಮರದ ಗೊಂಬೆಯ ಮೇಲೆ ಬಟ್ಟೆ ಹಾಕಿ, ಪಿನ್ ಚುಚ್ಚಿ ನೋಡುತ್ತಿದ್ದರು. ನಕಲು ಮಾಡುವವರ ಕಾಟಕ್ಕೆ ಲೇಬಲ್ಲಿನ ಮೇಲೆ ತಮ್ಮ ಹೆಬ್ಬೆಟ್ಟಿನ ಗುರುತು ಒತ್ತುತ್ತಿದ್ದರು. ಅಷ್ಟೇ ಅಲ್ಲ, ಗೌನಿನ ಮುಂದೆ, ಪಕ್ಕ, ಹಿಂದೆ ಮೂರೂ ಒಂದೇ ಸಲ ಕಾಣುವಂತೆ ಕನ್ನಡಿ ಇಟ್ಟು ಫೋಟೋ ತೆಗೆಸಿ ಆಲ್ಬಂ ಮಾಡಿಸಿಟ್ಟಿದ್ದರು. ನಾನು ಬೆನ್ನಿನ ಫೋಟೋ ಬೇಕು ಅನ್ನುವುದು ಸುಮ್ನೆ ಅಲ್ಲ, ಅವರೇ ಅದನ್ನು ದಾಖಲೆ ಅಂತ ನಂಬಿದ್ದರು.

ಅವರ ಬಗ್ಗೆ ಬೆಟ್ಟಿ ಕರ್ಕ್ ಬರೆದ ಪುಸ್ತಕ ಮೊದಲು ಜಪಾನಿನಲ್ಲಿ ಬಂತು, ಇಂಗ್ಲಿಷಿನಲ್ಲಿ 1998ರಲ್ಲಿ. ಬರೆದಾಕೆ ಗೌನುಗಳನ್ನು ಅಳೆದು, ತುಂಡು ತುಂಡಾಗಿ ಪ್ಯಾಟರ್ನ್ ತೆಗೆದು ಹಾಕಿದ್ದಾರೆ. ನಾಲ್ಕು ಚೌಕಗಳ ಒಂದು ಗೌನನ್ನೇ ನೋಡಿ. 1920ರ ಆಸುಪಾಸಿನದು. ನಾಲ್ಕು ಚೌಕ ಬಟ್ಟೆ, ಮುಂದೆ ಎರಡು, ಹಿಂದೆ ಎರಡು. ಪ್ರತಿ ಚೌಕವನ್ನೂ ಮೂಲೆ ಹಿಡಿದು ಹೆಗಲಿನಿಂದ ಇಳಿಬಿಡಬೇಕು. ಆಗ ಚೌಕದ ಕರ್ಣ ನೆಟ್ಟಗೆ ನಿಲ್ಲುತ್ತದೆ, ಅಂದರೆ ಇಡೀ ಬಟ್ಟೆ ತಾನಾಗಿ ಕ್ರಾಸಿಗೆ ಬರುತ್ತದೆ. ಡಾರ್ಟ್ (ಮೈ ಆಕಾರಕ್ಕೆ ಬಟ್ಟೆ ಮಡಿಸಿ ಹಾಕುವ ಹೊಲಿಗೆ) ಇಲ್ಲ, ಸೊಂಟಕ್ಕೆ ಬೇರೆ ಕತ್ತರಿಯಿಲ್ಲ, ಕೆಳಗಡೆ ಅಂಚು ಮೂಲೆ ಮೂಲೆಯಾಗಿ ಜೋತು ಬೀಳುತ್ತದೆ. ನನ್ನ ಹತ್ತಿರ ಕಟಿಂಗ್ ಕಲಿಯುವವರಿಗೆ ಇದನ್ನು ಕೋರಾ ಬಟ್ಟೆಯಲ್ಲಿ ಮಾಡಿಸಿದರೆ ಟೆಂಟ್ ತರ ನಿಲ್ಲುತ್ತದೆ. ಅದೇ ಚೌಕಗಳನ್ನು ಹಳೇ ಕ್ರೇಪ್ ಸೀರೆಯಿಂದ ಕತ್ತರಿಸಿ ಹಾಕಿಸಿದರೆ ಬೊಂಬೆಯ ಮೈಗೆ ಇಳಿದು ಕೂರುತ್ತದೆ. ಪ್ಯಾಟರ್ನ್ ಒಂದೇ, ಬಟ್ಟೆ ಬೇರೆ. ಈ ಪಾಠವನ್ನು ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ಕೈಯಲ್ಲಿ ಮಾಡಿದರೆ ಒಂದೇ ಸಂಜೆ ಸಾಕು. ಇನ್ನೊಂದು ವಿಷಯ, ಕ್ರಾಸಿನಲ್ಲಿ ಕತ್ತರಿಸಿದರೆ ಬಟ್ಟೆ ಜಾಸ್ತಿ ಹಿಡಿಯುತ್ತದೆ. ವಿಯೊನೆ ಮಾಮೂಲಿಗಿಂತ ಅಗಲದ ಬಟ್ಟೆಯನ್ನೇ ಹೇಳಿ ನೇಯಿಸುತ್ತಿದ್ದರು. ನಮಗೆ ಸಿಗುವುದು 44 ಇಂಚು ಪನ್ನ, ಹಾಗಾಗಿ ಪುಸ್ತಕದಲ್ಲಿರುವುದನ್ನು ಹಾಗೇ ಮಾಡಲು ಹೋದರೆ ನಡುವೆ ಜೋಡು ಬೀಳುತ್ತದೆ. ಅದನ್ನು ಎಲ್ಲಿ ಮರೆಸಬೇಕು ಅನ್ನುವುದು ನಿಮ್ಮ ಕೈಚಳಕ.

ಬಾಲೆನ್ಸಿಯಾಗ ಬೇರೆ ದಾರಿಯವರು. 1895ರಲ್ಲಿ ಸ್ಪೇನಿನ ಗೆತಾರಿಯಾ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದರು, ತಾಯಿ ಹೊಲಿಗೆ ಕೆಲಸದವರು. 1937ರಲ್ಲಿ ಪ್ಯಾರಿಸ್ಸಿಗೆ ಬಂದು, 1968ರಲ್ಲಿ ಬಾಗಿಲು ಹಾಕಿದರು. ಸ್ಕೆಚ್ ಮಾತ್ರ ಮಾಡಿ ಉಳಿದದ್ದನ್ನು ಮಾಸ್ಟರಿಗೆ ಬಿಡುವವರಲ್ಲ, ಕತ್ತರಿಸುವುದು, ಹೊಲಿಯುವುದು ಎರಡೂ ಬಲ್ಲವರು. ತೋಳು ಸರಿ ಕೂರಲಿಲ್ಲ ಅಂದರೆ ಹೊಲಿದದ್ದನ್ನು ಕಿತ್ತು ಮತ್ತೆ ಕೂರಿಸುತ್ತಿದ್ದರು ಅನ್ನುವುದು ಈ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂ 2017ರಲ್ಲಿ ಅವರ ಬಟ್ಟೆಗಳ ಪ್ರದರ್ಶನ ಮಾಡಿದಾಗ ಕೆಲವು ಗೌನುಗಳಿಗೆ ಎಕ್ಸ್-ರೇ ತೆಗೆಸಿತು. ಹೊರಗೆ ರೇಷ್ಮೆ ತೇಲುತ್ತಿರುವ ಹಾಗೆ ಕಾಣುತ್ತದೆ, ಎಕ್ಸ್-ರೇಯಲ್ಲಿ ನೋಡಿದರೆ ಒಳಗೆ ಮೂಳೆಯಂತಹ ಕಡ್ಡಿಗಳು, ಬಟ್ಟೆ ಜಾರದಂತೆ ಸಿಕ್ಕಿಸಿದ ಸಣ್ಣ ತೂಕದ ಗುಂಡುಗಳು. ಆ ಪ್ರದರ್ಶನದ ಪುಸ್ತಕ ಸಿಕ್ಕರೆ ಬಿಡಬೇಡಿ. ಅವರ ತೋಳುಗಳಲ್ಲಿ ಕಂಕುಳ ಹತ್ತಿರ ಒಂದು ಚೌಕದ ತುಂಡು ಸೇರಿಸಿರುವುದನ್ನು ಗಮನಿಸಿ. ಕೈ ಎತ್ತಿದರೂ ಕೋಟು ಮೇಲೇಳಬಾರದು ಎಂದು ಮಾಡುವ ಕೆಲಸ. ನಮ್ಮ ಹಳೇ ಜುಬ್ಬಾ, ಕುಪ್ಪಸಗಳ ಕಂಕುಳಲ್ಲಿ ಇದೇ ತುಂಡು ಇದೆ! ಕುಪ್ಪಸದ ಪ್ಯಾಟರ್ನನ್ನು ಅಳತೆ ಸಮೇತ ಅಚ್ಚು ಹಾಕಿದ ಪುಸ್ತಕವನ್ನು ನಮ್ಮೂರಿನ ಯಾವ ಟೈಲರ್ ಅಂಗಡಿಯಲ್ಲೂ ನಾನು ಕಂಡಿಲ್ಲ. ಗುಳೇದಗುಡ್ಡದ ಖಣ ಅಂದ ಕೂಡಲೇ ಬಟ್ಟೆಯ ಮಾತಾಡುತ್ತೇವೆ, ಹೊಲಿಗೆಯ ಮಾತು ಯಾರೂ ಎತ್ತುವುದಿಲ್ಲ.

ಪ್ಯಾರಿಸ್ಸಿನ ಇನ್ನೊಬ್ಬ ಡಿಸೈನರ್ ಕ್ರಿಶ್ಚಿಯನ್ ಡಿಯೋರ್ ಮೇಲೆ ಪುಸ್ತಕಗಳು ರಾಶಿ ಬಿದ್ದಿವೆ, ಆದರೆ ಹೆಚ್ಚಿನವು ಆಲ್ಬಂಗಳೇ. 1947ರ ಫೆಬ್ರವರಿ 12ರ ಮೊದಲ ಪ್ರದರ್ಶನ, ಸಣ್ಣ ಸೊಂಟ, ದೊಡ್ಡ ಲಂಗ, ಅದೇ ಫೋಟೋ ಎಲ್ಲದರಲ್ಲೂ. ಅದರ ಬದಲು ಅವರೇ ಬರೆದ ಆತ್ಮಕಥೆ ಓದಿ. ಫ್ರೆಂಚಿನಲ್ಲಿ 1956ರಲ್ಲಿ ಬಂದದ್ದು, ಇಂಗ್ಲಿಷಿನಲ್ಲೂ ಸಿಗುತ್ತದೆ, ಅಗ್ಗವೂ ಹೌದು. ಸ್ಕೆಚ್ಚಿನಿಂದ ಕೋರಾ ಬಟ್ಟೆಯ ಮಾದರಿಗೆ, ಅಲ್ಲಿಂದ ಹೊಲಿಗೆ ಕೋಣೆಗೆ, ಅಲ್ಲಿಂದ ಪ್ರದರ್ಶನದ ದಿನಕ್ಕೆ ಒಂದು ಕಲೆಕ್ಷನ್ ಹೇಗೆ ಹೋಗುತ್ತದೆ ಅಂತ ಒಬ್ಬ ಮಾಲೀಕನ ಕಣ್ಣಿನಿಂದ ಗೊತ್ತಾಗುತ್ತದೆ. ಯೂನಿಟ್ ನಡೆಸುವವರು ಇದನ್ನು ಓದಬೇಕು, ಟೈಲರ್‌ಗಿಂತ ಅವರಿಗೇ ಉಪಯೋಗ.

ಕೊಳ್ಳುವ ವಿಚಾರ. ಮ್ಯೂಸಿಯಂ ಪ್ರದರ್ಶನಗಳ ಪುಸ್ತಕಗಳು ಸಾಮಾನ್ಯವಾಗಿ ಒಂದೇ ಸಲ ಅಚ್ಚಾಗುತ್ತವೆ. ಮುಗಿದ ಮೇಲೆ ಹಳೇ ಪ್ರತಿಯ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಬೇಕು ಅನ್ನಿಸಿದ್ದನ್ನು ಹೊಸದಿದ್ದಾಗಲೇ ತಗೊಳ್ಳಿ, ಮರುಮುದ್ರಣದ ಸುದ್ದಿ ಬಂದರೆ ಆಗಲೂ. ಇವು ತೂಕದ ಪುಸ್ತಕಗಳು, ಹೊರದೇಶದಿಂದ ತರಿಸಿದರೆ ಸಾಗಾಟವೇ ಪುಸ್ತಕದಷ್ಟಾಗಬಹುದು. ನಮಗೆ ಬೆಂಗಳೂರಿನ ಚರ್ಚ್ ಸ್ಟ್ರೀಟ್ ಇದೆ, ರಾಯಚೂರಿನವರಿಗೆ ಹೈದರಾಬಾದಿನ ಆಬಿಡ್ಸ್‌ನಲ್ಲಿ ಭಾನುವಾರದ ಹಳೇ ಪುಸ್ತಕದ ಸಾಲು ಹತ್ತಿರ. ಅಲ್ಲಿ ಮಾರುವವರಿಗೆ ಇದರ ಬೆಲೆ ಗೊತ್ತಿರುವುದಿಲ್ಲ, ದಪ್ಪ ನೋಡಿ ಹೇಳುತ್ತಾರೆ. ತಗೊಳ್ಳುವ ಮುಂಚೆ ಒಂದೊಂದೇ ಹಾಳೆ ತಿರುವಿ. ಪ್ಯಾಟರ್ನಿರುವ ಪುಟವನ್ನೇ ಬ್ಲೇಡಿನಿಂದ ಕತ್ತರಿಸಿ ಒಯ್ದಿರುತ್ತಾರೆ, ಮಹಾನುಭಾವರು. ಜಪಾನೀ ಭಾಷೆಯದ್ದು ಸಿಕ್ಕರೂ ಹಿಂಜರಿಯಬೇಡಿ, ಗೆರೆ ಮತ್ತು ಅಳತೆ ಓದಲು ಭಾಷೆ ಬೇಕಿಲ್ಲ. ದುಡ್ಡೇ ಇಲ್ಲದಿದ್ದರೆ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಹಳೇ ಪುಸ್ತಕಗಳಲ್ಲಿ ಎಷ್ಟೋ ಆನ್‌ಲೈನಿನಲ್ಲಿ ಪುಕ್ಕಟೆ ಇಟ್ಟಿದೆ. ಕುಟೂರ್ ಬಗ್ಗೆ 1995ರದ್ದು, ಡಿಯೋರ್ ಬಗ್ಗೆ 1996ರದ್ದು ಎರಡೂ ಅದರಲ್ಲಿವೆ.

ಇಟ್ಟುಕೊಳ್ಳುವಾಗ ನಮ್ಮ ಊರಿನ ದೊಡ್ಡ ಶತ್ರು ಬಿಸಿಲಲ್ಲ, ಬೇಸಿಗೆಯ ನೀರಿನ ಕೂಲರ್. ಅದರ ತೇವದ ಗಾಳಿಗೆ ನುಣುಪು ಕಾಗದದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತದೆ. ಕೂಲರ್ ಇರುವ ಕೋಣೆಯಲ್ಲಿ ಇಡಲೇಬೇಡಿ. ಕಬ್ಬಿಣದ ಬೀರು, ಗೋಡೆಯಿಂದ ಸ್ವಲ್ಪ ಈಚೆಗೆ, ದೊಡ್ಡ ಪುಸ್ತಕ ಮಲಗಿಸಿ. ಗೆದ್ದಲಿನ ವಿಷಯ ಹೇಳಬೇಕಾಗಿಲ್ಲ. ಇನ್ನೊಂದು, ಕಟಿಂಗ್ ಟೇಬಲ್ಲಿಗೆ ಪುಸ್ತಕ ತರಬೇಡಿ. ಚಾಕಿನ ಪುಡಿ ಮತ್ತು ನೀಲಿ ಬಣ್ಣ ಬಿಡುವ ಡೆನಿಮ್ ಮುಟ್ಟಿದ ಕೈ ಎರಡೂ ಹಾಳೆಗೆ ಕಲೆ ಮಾಡುತ್ತವೆ. ಬೇಕಾದ ಪುಟವನ್ನು ಟ್ರೇಸ್ ಮಾಡಿಕೊಂಡು ಅದನ್ನು ತನ್ನಿ.

ಮೊದಲು ಯಾವುದು ತಗೊಳ್ಳಲಿ ಅಂತ ಕೇಳಿದರೆ ಕುಟೂರ್ ಹೆಸರೇ ಇಲ್ಲದ ಒಂದು ಪುಸ್ತಕ ಹೇಳುತ್ತೇನೆ. ಜಾನೆಟ್ ಅರ್ನಾಲ್ಡ್ ಅವರ ಪ್ಯಾಟರ್ನ್ಸ್ ಆಫ್ ಫ್ಯಾಶನ್, ಅದರಲ್ಲೂ 1860ರಿಂದ 1940ರವರೆಗಿನ ಭಾಗ. ಮ್ಯೂಸಿಯಂಗಳಲ್ಲಿದ್ದ ನಿಜವಾದ ಉಡುಪುಗಳನ್ನು ಅಳೆದು, ಚೌಕದ ಕಾಗದದ ಮೇಲೆ ಎಂಟನೇ ಒಂದು ಭಾಗಕ್ಕೆ ಇಳಿಸಿ ಬರೆದಿದ್ದಾರೆ. ಜೆರಾಕ್ಸ್‌ನಲ್ಲಿ ಮೂರು ಸಲ ದುಪ್ಪಟ್ಟು ಮಾಡಿದರೆ ಲೆಕ್ಕಕ್ಕೆ ನಿಜವಾದ ಅಳತೆ ಬರಬೇಕು, ಆದರೆ ಮೆಷಿನ್ ಪ್ರತಿ ಸಲ ಒಂಚೂರು ಎಳೆಯುತ್ತದೆ, ಕೊನೆಗೆ ತೋಳು ಕೂರಿಸುವ ಆರ್ಮ್‌ಹೋಲ್ ಕೂಡುವುದಿಲ್ಲ. ಖಾಕಿ ಕಾಗದದ ಮೇಲೆ ಇಂಚಿಗೊಂದು ಚೌಕ ಹಾಕಿ ಕೈಯಲ್ಲೇ ದೊಡ್ಡದು ಮಾಡಿ. ಕತ್ತರಿ ಇಡುವ ಮುಂಚೆ ಹೊಲಿಗೆಯ ಮಾರ್ಜಿನ್ ಸೇರಿದೆಯಾ ಇಲ್ಲವಾ ನೋಡಿಕೊಳ್ಳಿ, ಇಂತಹ ಪುಸ್ತಕಗಳಲ್ಲಿ ಬಹಳ ಸಲ ಸೇರಿರುವುದಿಲ್ಲ.