42 ಶಿಖರ, 24 ಗಂಟೆ: ಓಡುವ ಮುಂಚಿನ ಲೆಕ್ಕ

1932ರ ಜೂನ್. ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿರುವ ಕೆಸಿಕ್ ಊರಿನಲ್ಲಿ ಅತಿಥಿಗೃಹ ನಡೆಸುತ್ತಿದ್ದ ಬಾಬ್ ಗ್ರಹಾಂ ಟೆನಿಸ್ ಶೂ ಹಾಕಿಕೊಂಡು ಹೊರಟರು. 42 ಶಿಖರ ಹತ್ತಿಳಿದು 24 ಗಂಟೆಯೊಳಗೆ ಊರಿಗೆ ವಾಪಸ್ ಬಂದರು. ಆ ಸುತ್ತುದಾರಿಗೆ ಇವತ್ತಿಗೂ ಅವರದೇ ಹೆಸರು. ಈಗಲೂ ಪ್ರತಿ ಬೇಸಿಗೆಯಲ್ಲಿ ಜನ ಅದನ್ನು ಓಡಲು ಹೊರಡುತ್ತಾರೆ.

ದೂರ ಸುಮಾರು 106 ಕಿ.ಮೀ. ಗಂಟೆಗೆ ನಾಲ್ಕೂವರೆ ಕಿ.ಮೀ. ನಡೆದರೂ ಮುಗಿಯಬೇಕು, ಅಲ್ವಾ? ಆದರೆ ಒಟ್ಟು ಏರು ಸುಮಾರು 8,200 ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟಿದ್ದರು: ಐದು ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹಾಗೆ ಕೂಡಿಸಿದರೆ 35 ಗಂಟೆ ಆಗುತ್ತದೆ. ಅಂದರೆ 11 ಗಂಟೆ ಎಲ್ಲಿಂದಾದರೂ ಉಳಿಸಬೇಕು.

ಏರಿನಲ್ಲಿ ಉಳಿಸಲು ಹೋದರೆ ಕೆಟ್ಟಿರಿ. 70 ಕಿಲೋ ತೂಕದ ಮೈಯನ್ನು ಅಷ್ಟು ಎತ್ತರಕ್ಕೆ ಏರಿಸುವ ಕೆಲಸವೇ ಸುಮಾರು 1,340 ಕಿಲೋಕ್ಯಾಲರಿ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗ ಕೆಲಸಕ್ಕೆ ಬರುತ್ತದೆ, ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಏರಿಗೊಂದಕ್ಕೇ 5,300ಕ್ಕೂ ಜಾಸ್ತಿ ಬೇಕು. ಮೈಯಲ್ಲಿ ಗ್ಲೈಕೋಜನ್ ಆಗಿ, ಅಂದರೆ ಶೇಖರಿಸಿದ ಸಕ್ಕರೆಯಾಗಿ, ಕೂಡಿಟ್ಟದ್ದು ಸುಮಾರು 2,000 ಮಾತ್ರ. ತಿಂದು ತುಂಬಿಸೋಣ ಅಂದರೆ ಕರುಳಿಗೂ ಮಿತಿಯಿದೆ: ಗಂಟೆಗೆ 60ರಿಂದ 90 ಗ್ರಾಂ ಸಕ್ಕರೆ ಹೀರಿಕೊಂಡರೆ ಹೆಚ್ಚು. ಕಡಿದಾದ ಏರಿನಲ್ಲಿ ಓಡಿದರೆ ಗ್ಲೈಕೋಜನ್ ಬೇಗ ಖರ್ಚಾಗುತ್ತದೆ. ನಿಧಾನವಾಗಿ ಹತ್ತಿದರೆ ಕೊಬ್ಬೂ ಉರಿಯುತ್ತದೆ. ಅದಕ್ಕೇ ಬಲ್ಲವರು ಏರನ್ನು ಸುಮ್ನೆ ನಡೆದೇ ಹತ್ತುತ್ತಾರೆ.

ಸಮಯ ಉಳಿಯುವುದು ಸಮತಟ್ಟಿನಲ್ಲಿ ಮತ್ತು ಹದವಾದ ಇಳಿಜಾರಿನಲ್ಲಿ. ಸಂಶೋಧಕ ಆಲ್ಬರ್ಟೊ ಮಿನೆಟ್ಟಿ ಮತ್ತು ಸಂಗಡಿಗರು ಟ್ರೆಡ್‌ಮಿಲ್ ಮೇಲೆ ಓಟಗಾರರನ್ನು ಓಡಿಸಿ 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ನೂರು ಮೀಟರಿಗೆ ಇಪ್ಪತ್ತು ಮೀಟರಿನಷ್ಟು ಇಳಿಜಾರಿದ್ದಾಗ ಓಟ ಅತಿ ಅಗ್ಗ. ಅದಕ್ಕಿಂತ ಕಡಿದಾದರೆ ಖರ್ಚು ಮತ್ತೆ ಏರುತ್ತದೆ. ಆಗ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಆ ಎಳೆತಕ್ಕೆ ಅದರ ಎಳೆಗಳು ಸೂಕ್ಷ್ಮವಾಗಿ ಹರಿಯುತ್ತವೆ.

ಸುತ್ತಿನ ಮೊದಲರ್ಧದಲ್ಲಿ ಬರುವ ಹೆಲ್ವೆಲಿನ್ ಶಿಖರಸಾಲಿನಲ್ಲಿ ಉತ್ಸಾಹದಿಂದ ಹಾರಿ ಇಳಿದವರಿಗೆ ಇದರ ಬಿಲ್ ಮುಂದೆ ಸಿಗುವ ಕಣಿವೆಯಾದ ವಾಸ್ಡೇಲ್‌ನಲ್ಲಿ ಬರುತ್ತದೆ. ಪ್ರದಕ್ಷಿಣೆಯಾಗಿ ಓಡುವವರು ಅಲ್ಲಿಗೆ ತಲುಪುವಾಗ 30 ಶಿಖರ ಮುಗಿದಿರುತ್ತವೆ. ಎದುರಿಗೆ ಯೂಬ್ಯಾರೋ ಶಿಖರ. ಕಣಿವೆಯಿಂದ ಐನೂರು ಮೀಟರಿಗೂ ಹೆಚ್ಚು ನೇರ ಹುಲ್ಲು ಏರು. ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ. ನನ್ನ ಪ್ರಕಾರ ವೇಳಾಪಟ್ಟಿಯನ್ನು ಯೂಬ್ಯಾರೋದಿಂದ ಹಿಂದಕ್ಕೆ ಬರೆಯಬೇಕು, ಕೆಸಿಕ್‌ನಿಂದ ಮುಂದಕ್ಕಲ್ಲ.

ಉಳಿದದ್ದು ಸುಲಭ. ರಾತ್ರಿ ಚಿಕ್ಕದಿರುವ ಜೂನ್ ಆದರೆ ಒಳ್ಳೆಯದು. ದಾರಿಯಲ್ಲಿ ಬರುವ ಶಿಖರ ಸ್ಕಾಫೆಲ್‌ನ ಬಂಡೆ ಹತ್ತುವ ಹೊತ್ತಿಗೆ ಬೆಳಕಿರಲಿ. ಈ ಸುತ್ತು ಮುಗಿಸಿದವರ ಕ್ಲಬ್ಬಿನ ಪಟ್ಟಿಗೆ ಹೆಸರು ಸೇರಬೇಕಾದರೆ ಪ್ರತಿ ಶಿಖರದಲ್ಲೂ ಸಾಕ್ಷಿ ಬೇಕು, ಹಾಗಾಗಿ ಜೊತೆಗಾರರು ಇದ್ದೇ ಇರುತ್ತಾರೆ. ತಿಂಡಿ, ನೀರು ಅವರೇ ಹೊರುತ್ತಾರೆ. ಕೊನೆಯ ಶಿಖರ ರಾಬಿನ್ಸನ್ ಇಳಿದ ಮೇಲೆ ಕೆಸಿಕ್‌ವರೆಗೆ ಡಾಂಬರು ರಸ್ತೆ. ಅಲ್ಲಿ ಶೂ ಬದಲಿಸಲು ಐದು ನಿಮಿಷ ಮೊದಲೇ ಲೆಕ್ಕಕ್ಕೆ ಸೇರಿಸಿಡಿ.